ತಾರ್ಲೆ, ಬೂತಾಯಿ ಮತ್ತು ನಮ್ಮ ಪ್ಲಗಿನ್‌ಗಳು

ಮೊದಲ ಪ್ಲಗಿನ್ ಯಾವುದು ಎಂಬ ವಿಷಯದಲ್ಲಿ ನನಗೂ ಇಮ್ತಿಯಾಜನಿಗೂ ಇವತ್ತಿಗೂ ಒಮ್ಮತವಿಲ್ಲ. ಅದು ಪುಟದ ಅಂಚಿನಲ್ಲಿ ಮಾತಾಡಿಕೊಳ್ಳಲು ಮಾಡಿದ ಪೆಟ್ಟಿಗೆ ಎಂದು ನಾನು. ಅಲ್ಲ, ಆ ವಾರದ ಯಕ್ಷಗಾನದ ಆಟಗಳನ್ನು ಸಾಲಾಗಿ ಜೋಡಿಸುವುದು ಎಂದು ಅವನು. ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಬರೆದ ಪ್ರೋಗ್ರಾಮಿನ ಬಗ್ಗೆ ಇಬ್ಬರಿಗೂ ಬೇರೆ ಬೇರೆ ನೆನಪಿರುವಾಗ, ನಾನೊಬ್ಬನೇ ಕುಳಿತು ಅನುಭವ ಬರೆಯುವುದು ಎಷ್ಟು ಸರಿಯೋ ತಿಳಿಯದು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದು ಎಂದು ಧಾರವಾಡದಲ್ಲಿ ಚೆನ್ನಾಗಿಯೇ ಕಲಿಸಿದ್ದರು. ಆ ಸಾಕ್ಷಿ ನಾನೇ ಆಗಿದ್ದಾಗ ಏನು ಮಾಡಬೇಕೆಂದು ಮಾತ್ರ ಹೇಳಿರಲಿಲ್ಲ.

ಆದರೂ ಬರೆಯುತ್ತಿದ್ದೇನೆ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಒಂದೇ ಬರಹವನ್ನು ಹತ್ತು ಮಂದಿ ಹತ್ತು ಊರಿನಿಂದ ಏಕಕಾಲಕ್ಕೆ ತಿದ್ದುವುದನ್ನು ಹುಟ್ಟಿನಿಂದಲೇ ಕಂಡವರು. ಅದರ ಒಳಗೆ ಏನೇನು ಜಗಳ ನಡೆಯಬಹುದು ಎಂಬುದು ಅವರಿಗೆ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ. ನಮಗೆ ಅದನ್ನು ತಿಳಿಸಿದ್ದು ಒಂದು ಮೀನು.

ನಮ್ಮ ಕಚೇರಿ ಇದ್ದದ್ದು ಹೊನ್ನಾವರದ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಯಜಮಾನರು ವಾಮನ ಪ್ರಭುಗಳು. ಕೆಳಗೆ, ಬಟ್ಟೆ ಅಂಗಡಿಯ ಪಕ್ಕದಲ್ಲೇ ಅವರ ಮಾರಾಟದ ಮಳಿಗೆ. ಮೊದಲು ಟೈಪ್‌ರೈಟರ್ ಮಾರುತ್ತಿದ್ದರು, ಆಮೇಲೆ ಝೆರಾಕ್ಸ್ ಯಂತ್ರ, ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್. ನಾನು ಕುಮಟೆಯ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದು, ಅದು ಸರಿಹೋಗದೆ ಅವರಲ್ಲಿಗೆ ಬಂದೆ. ಸಂದರ್ಶನ ಅಂತ ನಡೆದದ್ದು ಒಂದೇ ಪ್ರಶ್ನೆ.

“ಎಮ್ಮೆಸ್ಸಿ ಅಂದ್ರೆ ಎಂತ ಮಾರಾಯ? ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ ತೆಗೀಲಿಕ್ಕೆ ಬತ್ತದಾ?”

ಬರುತ್ತದೆ ಎಂದೆ. ಅಂದಿನಿಂದ ನಾನು ಅವರ ಪಾಲಿಗೆ “ಪ್ರೊಫೆಸರ್” ಆದೆ. ಗೌರವದಿಂದ ಅಲ್ಲ. ಏನಾದರೂ ಕೆಟ್ಟರೆ, “ಪ್ರೊಫೆಸರ್ರೇ, ನಿಮ್ಮ ಪುಸ್ತಕದಲ್ಲಿ ಇದಕ್ಕೆ ಎಂತ ಹೇಳಿದ್ದಾರೆ?” ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದರು. ಗಿರಾಕಿಗಳಿಗೆಲ್ಲ ಕೇಳಿಸುತ್ತಿತ್ತು. ಅಷ್ಟಾದರೂ ಅವರಂಥ ಮೇಲಧಿಕಾರಿ ನನಗೆ ಮತ್ತೆ ಸಿಗಲಿಲ್ಲ. ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದರು, ಮತ್ತು ಗೊತ್ತಿಲ್ಲದೆಯೇ ಸರಿಯಾದ ಪ್ರಶ್ನೆ ಕೇಳುತ್ತಿದ್ದರು.

ಇಮ್ತಿಯಾಜ್ ಭಟ್ಕಳದವನು. ಡಿಪ್ಲೊಮಾ ಮುಗಿಸಿ ಬಂದಿದ್ದ. ಮನೆಯಲ್ಲಿ ನವಾಯತಿ, ಬಸ್ಸಿನಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಪ್ರೋಗ್ರಾಮ್ ಬರೆಯುವಾಗ ಯಾವ ಭಾಷೆಯಲ್ಲಿ ಯೋಚಿಸುತ್ತೀಯ ಎಂದು ಒಮ್ಮೆ ಕೇಳಿದ್ದಕ್ಕೆ, “ಬೈಗುಳ ಮಾತ್ರ ಉರ್ದುವಿನಲ್ಲಿ ಬರ್ತದೆ ಸರ್, ಉಳಿದದ್ದು ನೆನಪಿಲ್ಲ” ಎಂದಿದ್ದ.

ನಮ್ಮನ್ನು ಈ ಕೆಲಸಕ್ಕೆ ಎಳೆದವರು ಶಾರದಕ್ಕ. ಹೊನ್ನಾವರದಲ್ಲಿ ಅವರ ತಂದೆಯ ಕಾಲದ ಮುದ್ರಣಾಲಯವಿತ್ತು, ಒಂದು ವಾರಪತ್ರಿಕೆಯೂ ಇತ್ತು. ಕುಮಟೆಯಲ್ಲಿ ಹೆಗಡೆ ಮಾಸ್ತರು ಇನ್ನೊಂದನ್ನು ನಡೆಸುತ್ತಿದ್ದರು, ಭಟ್ಕಳದಲ್ಲಿ ದೇವಿದಾಸ ಮೊಗೇರ ಮತ್ತೊಂದನ್ನು. ಮೂರೂ ತೆಳು ಪತ್ರಿಕೆಗಳು. ಶಾರದಕ್ಕನ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ: ಮೂರನ್ನೂ ಸೇರಿಸಿ ಒಂದು ಪತ್ರಿಕೆ ಮಾಡಬೇಕು.

“ಕಾಣು ತಮಾ,” ಎಂದು ನನಗೆ ವಿವರಿಸಿದ್ದರು, “ಭಟ್ಕಳದಲ್ಲಿ ಎಂತದೋ ಆತು ಅಂದ್ರೆ ಹೊನ್ನಾವರದವರು ಬೆಂಗಳೂರಿನ ಪೇಪರ್ ಓದಿ ತಿಳ್ಕೊಳ್ತಾರೆ. ಇಲ್ದಿದ್ರೆ ಗಾಳಿಸುದ್ದಿ. ಬಸ್ಸಿನಲ್ಲಿ ಹೋಗಿ ಬಂದು ಮಾಡುವಷ್ಟು ಹತ್ರ ಇದ್ದೂ ಒಬ್ರ ಸುದ್ದಿ ಒಬ್ರಿಗೆ ಬೇರೆಯವ್ರು ಹೇಳ್ಬೇಕಾ?”

ಇಬ್ಬರನ್ನೂ ಒಪ್ಪಿಸಲು ಅವರು ಎಷ್ಟು ಸಲ ಆ ಎರಡೂ ಊರಿಗೆ ಓಡಾಡಿದರೋ ನನಗೆ ಗೊತ್ತಿಲ್ಲ. ಒಪ್ಪಿಸಿದರು. ಅವರ ಹೊಸ ಪತ್ರಿಕೆಗೆ ಊರುಗಳಷ್ಟೇ ಸಂಪಾದಕರು, ಮತ್ತು ಮೂವರಿಗೂ ತಮ್ಮ ತಮ್ಮ ಮಾತೇ ಕಡೆಯದು.

ಮೊದಲೆಲ್ಲ ಸುದ್ದಿ ಬರುತ್ತಿದ್ದದ್ದು ಬಸ್ಸಿನಲ್ಲಿ. ಭಟ್ಕಳದಿಂದ ದೇವಿದಾಸರು ಫ್ಲಾಪಿಯನ್ನು ಲಕೋಟೆಗೆ ಹಾಕಿ ಡ್ರೈವರನ ಕೈಗೆ ಕೊಟ್ಟರೆ, ಶಾರದಕ್ಕನ ಕಡೆಯವರು ಹೊನ್ನಾವರದ ನಿಲ್ದಾಣದಲ್ಲಿ ಕಾದು ಇಳಿಸಿಕೊಳ್ಳಬೇಕು. ಡ್ರೈವರ್ ಮರೆತರೆ ಭಟ್ಕಳದ ಸುದ್ದಿ ಹೊನ್ನಾವರ ದಾಟಿ ಕುಮಟೆಗೆ, ಕೆಲವೊಮ್ಮೆ ಅಂಕೋಲೆಗೂ ಹೋಗುತ್ತಿತ್ತು. ಒಂದು ಫ್ಲಾಪಿ ಒಣಮೀನಿನ ಚೀಲದ ಮೇಲೆ ಕುಳಿತು ಬಂದಿತ್ತು. ಅದನ್ನು ಓದಿದ ಮೇಲೆ ನಮ್ಮ ಕಂಪ್ಯೂಟರು ಬಹಳ ದಿನ ವಾಸನೆ ಹೊಡೆಯುತ್ತಿತ್ತು. ಇಮ್ತಿಯಾಜ್ ಇದು ಉತ್ಪ್ರೇಕ್ಷೆ ಎನ್ನುತ್ತಾನೆ. ಇರಬಹುದು.

ಎರಡು ಸಾವಿರದ ಐದೋ ಆರೋ, ಮೂರು ಊರಿಗೂ ಬ್ರಾಡ್‌ಬ್ಯಾಂಡ್ ಬಂತು. ಆಗ ನಾವು ಶಾರದಕ್ಕನಿಗೆ ಕಟ್ಟಿಕೊಟ್ಟದ್ದು ಬ್ರೌಸರಿನಲ್ಲೇ ತೆರೆದುಕೊಳ್ಳುವ ಒಂದು ಬರೆಯುವ ಪುಟ. ಮೂರು ಊರಿನವರೂ ಅದೇ ಪುಟವನ್ನು ತೆರೆದಿಟ್ಟುಕೊಂಡು ಬರೆಯಬಹುದು. ಒಬ್ಬರು ಬರೆದದ್ದು ಉಳಿದವರ ಪರದೆಯಲ್ಲಿ ಆಗಲೇ ಕಾಣುತ್ತದೆ. ಯಾರದು ಯಾವ ಕೈ ಎಂದು ತಿಳಿಯಲಿ ಎಂದು ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಶಾರದಕ್ಕ ಹಸಿರು ಆರಿಸಿಕೊಂಡರು, ದೇವಿದಾಸರು ನೀಲಿ. ಹೆಗಡೆ ಮಾಸ್ತರು ಕೆಂಪು ಕೇಳಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರು ಬೇರೆ ಬಣ್ಣ ಕೇಳುತ್ತಾರೆಂದು ನಾವು ಯಾರೂ ಅಂದುಕೊಂಡಿರಲಿಲ್ಲ.

ಆರಂಭದ ದಿನಗಳಲ್ಲಿ ಎಲ್ಲರಿಗೂ ಅದೊಂದು ಆಟಿಕೆ. ಕುಮಟೆಯ ಕೆಂಪು ಕರ್ಸರ್ ಪುಟದಲ್ಲಿ ಕಂಡ ಕೂಡಲೇ ಭಟ್ಕಳದ ನೀಲಿ ಹೋಗಿ ಅದರ ಪಕ್ಕ ನಿಂತು ಮಾತಾಡಿಸುತ್ತಿತ್ತು. ಬರಹದ ಒಳಗೇ ಬರೆದು, ಆಮೇಲೆ ಅಳಿಸುತ್ತಿದ್ದರು. ಒಂದು ಸಲ ಅಳಿಸಲು ಮರೆತರು. ಕರ್ಕಿಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿಯಲ್ಲಿ, “ಮೃತರು ಪತ್ನಿ, ಇಬ್ಬರು ಪುತ್ರರು ಮತ್ತು ಚಾ ಆತಾ ಮಾಸ್ತರೆ, ಅಪಾರ ಬಂಧು ಬಳಗವನ್ನು ಅಗಲಿದ್ದಾರೆ” ಎಂದು ಅಚ್ಚಾಯಿತು. ಶಾರದಕ್ಕ ಆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು. ಆ ಮನೆಯವರು, ತೀರಿಕೊಂಡವರಿಗೂ ಚಾ ಬಹಳ ಇಷ್ಟವಿತ್ತು ಎಂದು ಹೇಳಿ ಕಳಿಸಿದರಂತೆ. ಅದಾದ ಮೇಲೆಯೇ ಅಂಚಿನ ಮಾತಿನ ಪೆಟ್ಟಿಗೆ ಹುಟ್ಟಿದ್ದು. ಆದ್ದರಿಂದ ಅದೇ ಮೊದಲನೆಯದು ಎಂಬ ನನ್ನ ವಾದಕ್ಕೆ ಆಧಾರವಿದೆ.

ಆಮೇಲೆ ಬೇಡಿಕೆಗಳು ಶುರುವಾದವು. ಶಾರದಕ್ಕನಿಗೆ ಆಟದ ಪಟ್ಟಿ ತಾನಾಗಿ ಸಾಲಾಗಬೇಕು: ಮೇಳ, ಪ್ರಸಂಗ, ಜಾಗ. ದೇವಿದಾಸರ ಪುಟದಲ್ಲಿ ಒಂದು ನವಾಯತಿ ಅಂಕಣ ಬರುತ್ತಿತ್ತು, ಉರ್ದು ಲಿಪಿಯಲ್ಲಿ; ಅದು ಬಲದಿಂದ ಎಡಕ್ಕೆ ಹೋಗಬೇಕು. ಕುಮಟೆಯ ಮಾಸ್ತರಿಗೆ ದಿನಕ್ಕೊಂದು ಹೊಸದು ಬೇಕು. ನಾವು ಎಲ್ಲವನ್ನೂ ಮೂಲ ಪ್ರೋಗ್ರಾಮಿನೊಳಗೇ ತುರುಕುತ್ತ ಹೋದೆವು. ಆಟದ ಪಟ್ಟಿ ಸರಿ ಮಾಡಿದರೆ ಉರ್ದು ಕೆಡುತ್ತಿತ್ತು, ಉರ್ದು ಸರಿ ಮಾಡಿದರೆ ಎಲ್ಲರ ಬಣ್ಣ ಹೋಗುತ್ತಿತ್ತು.

ಪ್ರಭುಗಳು ಒಂದು ದಿನ ಮೇಲೆ ಬಂದು ನಮ್ಮ ಮುಖ ನೋಡಿದರು. “ಮನೆಯಲ್ಲಿ ಚಟ್ನಿ ಅರೀಲಿಕ್ಕೆ ಒಂದು ಮಿಕ್ಸರ್, ಹಿಟ್ಟಿಗೆ ಒಂದು ಮಿಕ್ಸರ್ ತಗೋತ್ರಾ ಪ್ರೊಫೆಸರ್ರೇ? ಮೋಟಾರು ಒಂದು, ಜಾರು ಬೇರೆ ಬೇರೆ. ಯಾವ ಜಾರು ಬೇಕೋ ಅದು ಕೂರಿಸಿದ್ರಾತು.”

ಪ್ಲಗಿನ್ ಎಂದರೆ ಅಷ್ಟೇ. ಮೂಲ ಪ್ರೋಗ್ರಾಮನ್ನು ಮುಟ್ಟದೆ, ಬೇಕಾದವರು ಬೇಕಾದಾಗ ಅದಕ್ಕೆ ಕೂರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಮ್. ನಾನು ಪುಸ್ತಕದಲ್ಲಿ ಓದಿದ್ದೆ. ಮಿಕ್ಸರಿನ ಹೋಲಿಕೆ ಅದಕ್ಕಿಂತ ಮುಂದೆ ಹೋಗುತ್ತದೆಂದು ಆಗ ಗೊತ್ತಿರಲಿಲ್ಲ. ಆಟದ ಪಟ್ಟಿಯ ಪ್ಲಗಿನ್ ಒಂದು ಸಾಲಿನಲ್ಲಿ ಜಾಗದ ಹೆಸರು ಬಿಟ್ಟುಹೋದರೆ ಅದನ್ನು ಹುಡುಕುತ್ತಲೇ ಕೂರುತ್ತಿತ್ತು. ಅದು ಹುಡುಕುವಷ್ಟು ಹೊತ್ತೂ ಬರೆಯುವವರ ಪರದೆ ಕಲ್ಲಾಗುತ್ತಿತ್ತು. ಪ್ರಭುಗಳು ನಗುತ್ತ, “ಮಿಕ್ಸರಿನ ಅಡಿಯಲ್ಲಿ ಕೆಂಪು ಗುಂಡಿ ಇರ್ತದೆ, ಕಂಡಿದ್ಯಾ? ಜಾರು ಸಿಕ್ಕಿಬಿದ್ರೆ ಅದು ಟಪ್ಪಂತ ಬೀಳ್ತದೆ. ಮೋಟಾರು ಸುಡೂದಿಲ್ಲ” ಎಂದರು. ಇಮ್ತಿಯಾಜ್ ಎರಡು ದಿನ ಕೂತು ಅದನ್ನು ಬರೆದ. ಪ್ಲಗಿನ್ ತುಂಬ ಹೊತ್ತು ತೆಗೆದುಕೊಂಡರೆ ಅದು ಕಳಚಿ ಬೀಳುತ್ತದೆ, ಬರೆಯುವವರ ಕೆಲಸ ಮುಂದುವರಿಯುತ್ತದೆ. ನಮ್ಮ ಪ್ರೋಗ್ರಾಮಿನಲ್ಲಿ ಅದರ ಹೆಸರು ಕೊನೆಯವರೆಗೂ ‘ಕೆಂಪು ಗುಂಡಿ’ ಎಂದೇ ಇತ್ತು. ಹೊಸಬರಿಗೆ ನನ್ನ ಮೊದಲ ಸಲಹೆ ಇದು: ಯಾರೋ ಜೋಡಿಸಿದ ತುಂಡು ಕೆಟ್ಟರೆ ಅದೊಂದೇ ಕೆಡಬೇಕು.

ಉರ್ದು ಲಿಪಿಯ ಪ್ಲಗಿನ್ ಬಗ್ಗೆಯೂ ಹೇಳಬೇಕು. ಆ ಅಂಕಣ ಬರೆಯುತ್ತಿದ್ದವರು ಇಮ್ತಿಯಾಜನ ತಾಯಿಯೇ. ಹಳೆಯ ಮದುವೆಯ ಹಾಡು, ಅಡುಗೆ, ನೆಂಟರಿಷ್ಟರ ಕತೆ. ಕೈಯಲ್ಲಿ ಬರೆದು ಕೊಡುತ್ತಿದ್ದರು, ಮಗ ಟೈಪ್ ಮಾಡುತ್ತಿದ್ದ. ಕನ್ನಡ ಸಾಲಿನ ನಡುವೆ ಉರ್ದು ಬಂದರೆ ವಾಕ್ಯದ ಕೊನೆಯ ಚುಕ್ಕಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹಾರುತ್ತಿತ್ತು. ಪ್ರತಿ ಪ್ರಯತ್ನವನ್ನೂ ಅವನು ಮನೆಗೆ ಒಯ್ದು ತೋರಿಸಿ ಮರುದಿನ ತೀರ್ಪು ತರುತ್ತಿದ್ದ. “ಅಮ್ಮಿ ಹೇಳಿದ್ರು ಸರ್, ನಿಮ್ಮ ಚುಕ್ಕಿ ಹೊಸ ಮದುಮಗನ ಹಾಂಗೆ, ಎಲ್ಲಿ ಕೂರೂದು ಅಂತ ಗೊತ್ತಿಲ್ದೆ ಮನೆಯೆಲ್ಲ ತಿರುಗ್ತದೆ.” ಕೊನೆಗೆ ಆ ಅಂಕಣದ ಜಾಗವನ್ನೇ ಪುಟದಲ್ಲಿ ಬೇಲಿ ಹಾಕಿ ಬೇರೆ ಮಾಡಿದೆವು. ಬೇಲಿಯ ಒಳಗೆ ಅದರದೇ ದಿಕ್ಕು. ಚುಕ್ಕಿ ಕೂತಿತು. ನಮ್ಮ ಮಾಳಿಗೆಗೆ ಅವನ ತಾಯಿ ಕಳಿಸಿದ ಸಿಹಿಯ ರುಚಿ ನನಗೆ ನೆನಪಿದೆ, ಹೆಸರು ನೆನಪಿಲ್ಲ. ಇಮ್ತಿಯಾಜನನ್ನು ಕೇಳಿದರೆ ಹೇಳುತ್ತಾನೆ. ಕೇಳಿದರೆ ಅದರ ಜೊತೆ ಇನ್ನೂ ನಾಲ್ಕು ತಿದ್ದುಪಡಿ ಹೇಳುತ್ತಾನೆ.

ಇನ್ನು ಮೀನಿನ ವಿಷಯ.

ಪತ್ರಿಕೆಯಲ್ಲಿ ಜನ ಮೊದಲು ತಿರುವುತ್ತಿದ್ದದ್ದು ಮೀನುಪೇಟೆಯ ಪುಟವನ್ನು. ದೋಣಿ ತಂಗುವ ಯಾವ ಧಕ್ಕೆಗೆ ಯಾವ ಮೀನು ಬಂತು, ಹೇಗೆ ಹೋಯಿತು ಎಂಬ ವರದಿ. ದೇವಿದಾಸರು ಭಟ್ಕಳದ್ದನ್ನೂ ಮಾವಳ್ಳಿ ಕಡೆಯದನ್ನೂ ಬರೆಯುತ್ತಿದ್ದರು. ಅವರ ಮನೆಯವರೆಲ್ಲ ಕಡಲಿಗೆ ಹೋಗುವವರು. ಇವರೊಬ್ಬರು ಪತ್ರಿಕೆಗೆ ಬಂದಿದ್ದರು. ಕಡಲತೀರದ ಉದ್ದಕ್ಕೂ ಒಂದೇ ಮೀನಿಗೆ ಊರಿಗೊಂದು ಹೆಸರು. ಕುಮಟೆಯ ಪೇಟೆಯಲ್ಲಿ ತಾರ್ಲೆ ಎನ್ನುವುದನ್ನು, ದಕ್ಷಿಣದ ದೋಣಿಗಳ ಒಡನಾಟವಿದ್ದ ದೇವಿದಾಸರು ಬೂತಾಯಿ ಎಂದು ಬರೆಯುತ್ತಿದ್ದರು. ಇಸ್ವಾಣಕ್ಕೆ ಅಂಜಲ್ ಎನ್ನುತ್ತಿದ್ದರು. (ಭಟ್ಕಳದವರೆಲ್ಲ ಹಾಗೆ ಹೇಳುತ್ತಿದ್ದರೇ ಎಂದರೆ ನನಗೆ ಖಾತ್ರಿಯಿಲ್ಲ. ದೇವಿದಾಸರು ಹೇಳುತ್ತಿದ್ದರು.)

ಇದು ಸರಿಯಲ್ಲ ಎಂದವರು ಹೆಗಡೆ ಮಾಸ್ತರು. ಕತಗಾಲದ ಹವ್ಯಕ ಬ್ರಾಹ್ಮಣರು. ಹುಟ್ಟಿದಾರಭ್ಯ ಮೀನನ್ನು ಬಾಯಿಗಿಟ್ಟವರಲ್ಲ, ಮೀನುಪೇಟೆಯ ಮುಂದೆ ಹೋಗುವಾಗ ಮೂಗಿಗೆ ಶಾಲು ಹಿಡಿಯುತ್ತಿದ್ದರು. ಆದರೆ ಅವರ ಓದುಗರು ಬಂದು, “ಬೂತಾಯಿ ಅಂದ್ರೆ ಎಂತ ಮಾಸ್ತರೆ?” ಎಂದು ಕೇಳಿದ್ದರು, ಮತ್ತು ಅವರಿಗೆ ಉತ್ತರ ಗೊತ್ತಿರಲಿಲ್ಲ. ಒಂದು ಪತ್ರಿಕೆ ಎಂದ ಮೇಲೆ ಒಂದು ಮೀನಿಗೆ ಒಂದೇ ಹೆಸರಿರಬೇಕು ಎಂಬುದು ಅವರ ನಿಲುವು. ತಮಗೊಂದು ಪ್ಲಗಿನ್ ಬೇಕೆಂದರು. ಬೂತಾಯಿ ಕಂಡಲ್ಲೆಲ್ಲ ಅದು ತಾನಾಗಿ ತಾರ್ಲೆ ಮಾಡಬೇಕು. ಸುಲಭದ ಕೆಲಸ. ಮಾಡಿಕೊಟ್ಟೆ.

ಅದೇ ವಾರ ದೇವಿದಾಸರು, ತಾವು ಬರೆದದ್ದು ಏಕೋ ಬದಲಾಗುತ್ತಿದೆ ಎಂದು ಇಮ್ತಿಯಾಜನಿಗೆ ಹೇಳಿದರು. ನಮ್ಮ ಮಾತು ನಮ್ಮ ಹಾಗೇ ಉಳಿಯುವಂಥದ್ದು ಒಂದು ಹಾಕಿಕೊಡು ಎಂದರು. ಅವನು ಮನೆಯಲ್ಲೇ ಕೂತು ಹಾಕಿಕೊಟ್ಟ: ತಾರ್ಲೆ ಕಂಡಲ್ಲೆಲ್ಲ ಬೂತಾಯಿ. ನಾವಿಬ್ಬರೂ ಈ ಬಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವಂಥ ದೊಡ್ಡ ಕೆಲಸ ಎಂದು ಇಬ್ಬರಿಗೂ ಅನಿಸಿರಲಿಲ್ಲ. ಎರಡೂ ಬೇರೆ ಬೇರೆಯಾಗಿ ಚೆನ್ನಾಗಿಯೇ ಓಡುತ್ತಿದ್ದವು.

ಗುರುವಾರ ಮಧ್ಯಾಹ್ನ ಪುಟ ಮುಗಿಯಬೇಕು. ಆ ಗುರುವಾರ ಎರಡೂ ಒಂದೇ ಪುಟದಲ್ಲಿ ಎದುರಾದವು. ದೇವಿದಾಸರು ಬೂತಾಯಿ ಎಂದು ಬರೆದರು. ಕುಮಟೆಯ ಯಂತ್ರ ಅದನ್ನು ತಾರ್ಲೆ ಮಾಡಿತು. ಭಟ್ಕಳದ ಯಂತ್ರ ತಾರ್ಲೆಯನ್ನು ನೋಡಿ ಬೂತಾಯಿ ಮಾಡಿತು. ಕುಮಟೆ ಮತ್ತೆ ತಿದ್ದಿತು. ನಮ್ಮ ಪರದೆಯಲ್ಲಿ ಆ ಒಂದು ಪದ ಮಿಣುಕುಹುಳದ ಹಾಗೆ ಕೆಂಪು, ನೀಲಿ, ಕೆಂಪು, ನೀಲಿ ಆಗುತ್ತಿತ್ತು. ಕೆಂಪು ಗುಂಡಿಯೂ ಬೀಳಲಿಲ್ಲ. ಯಾವ ಪ್ಲಗಿನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ಎರಡೂ ಬಲು ಚುರುಕು.

ಪ್ಲಗಿನ್ ಮಾಡಿದ ತಿದ್ದುಪಡಿಯನ್ನು, ಅದು ಯಾರ ಯಂತ್ರದಲ್ಲಿ ಕೂತಿದೆಯೋ ಅವರ ಬಣ್ಣದಲ್ಲೇ ತೋರಿಸುವ ಹಾಗೆ ನಾವು ಮಾಡಿದ್ದೆವು. ಭಟ್ಕಳದಲ್ಲಿ ಕೂತ ದೇವಿದಾಸರಿಗೆ ಕಂಡದ್ದು ಇಷ್ಟೇ: ತಾನು ಬರೆದ ಮೀನಿನ ಹೆಸರನ್ನು ಮೀನು ತಿನ್ನದ ಮಾಸ್ತರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದಾರೆ, ಹೊಡೆದುಹಾಕುತ್ತಲೇ ಇದ್ದಾರೆ.

ಇದಕ್ಕೊಂದು ಹಿನ್ನೆಲೆಯೂ ಇತ್ತು. ನೌಕರಿಯ ಆರಂಭದಲ್ಲಿ ಹೆಗಡೆ ಮಾಸ್ತರು ಭಟ್ಕಳದ ಕಡೆ ಇದ್ದರು. ದೇವಿದಾಸರು ಅವರ ವಿದ್ಯಾರ್ಥಿ.

ಫೋನು ನಮಗೇ ಬಂತು. “ಹೈಸ್ಕೂಲಿನಲ್ಲಿ ನನ್ನ ನಿಬಂಧಕ್ಕೆಲ್ಲ ಕೆಂಪು ಬಳಿದದ್ದು ಸಾಕಾಗ್ಲಿಲ್ವಂತಾ ಅವ್ರಿಗೆ? ನನ್ನಪ್ಪ ಬಲೆಯಲ್ಲಿ ಹಿಡಿದ ಮೀನಿಗೆ ನಾನು ಹೆಸ್ರು ಇಡೂದಾ, ಪುಳಿಚಾರು ಉಣ್ಣುವವ್ರು ಇಡೂದಾ?”

ಮಾಸ್ತರಿಗೆ ಫೋನು ಮಾಡಿದರೆ ಅವರು ಚಹಾ ಕುಡಿಯಲು ಎದ್ದು ಹೋಗಿದ್ದರು. ಬಂದು ಪರದೆ ನೋಡಿ ದಂಗಾದರು. ಗಾಬರಿಯಾದಾಗ ಅವರಿಗೆ ಮನೆಯ ಮಾತೇ ಬರುವುದು. “ಎಂತ ಆಗ್ತಾ ಇದ್ದು ಇಲ್ಲಿ? ಆನು ಮುಟ್ಟಿದ್ದಿಲ್ಲೆ ಮಾರಾಯ! ಆನು ಇಲ್ಲಿ ಇರಲೇ ಇಲ್ಲೆ!”

ಇದನ್ನು ದೇವಿದಾಸರಿಗೆ ಹೇಳಿದೆವು. ನಂಬಲಿಲ್ಲ. ಪರದೆಯ ಮೇಲೆ ಕೆಂಪು ಕಾಣುತ್ತಿರುವಾಗ ಯಾರು ತಾನೇ ನಂಬುತ್ತಾರೆ? ಆ ವಾರ ಹೇಗೋ ಎರಡನ್ನೂ ಕಿತ್ತುಹಾಕಿ ಪುಟ ಮುಗಿಸಿದೆವು. ದೇವಿದಾಸರು ಶಾರದಕ್ಕನಿಗೆ ಕಡ್ಡಿ ಮುರಿದ ಹಾಗೆ ಹೇಳಿದರು: “ಬರುವ ಗುರುವಾರ ನನ್ನ ಬರಹಕ್ಕೆ ಕೆಂಪು ತಾಗಿದ್ರೆ, ಭಟ್ಕಳದ ಪೇಪರು ಭಟ್ಕಳದಲ್ಲೇ ಅಚ್ಚಾಗ್ತದೆ ಅಕ್ಕ. ನಿಮ್ಮ ಮೇಲೆ ಸಿಟ್ಟಿಲ್ಲ.”

ಶಾರದಕ್ಕ ನಮ್ಮ ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿನವರು; ಅದುವರೆಗೆ ಎಂದೂ ಹತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟು ಹೇಳಿದರು. “ಅಪ್ಪನ ಪೇಪರಿನ ಹೆಸ್ರನ್ನೇ ಬಿಟ್ಟುಕೊಟ್ಟು ಇವ್ರಿಬ್ರನ್ನ ಸೇರಿಸಿದ್ದೆ ನಾನು. ಇಷ್ಟೆಲ್ಲ ಆಗಿ ಒಂದು ಮೀನಿಗೋಸ್ಕರ ಒಡೆದು ಹೋಗ್ಬೇಕಾ? ನಿಮ್ಮ ಯಂತ್ರದಲ್ಲಿ ಎಂತ ಬೇಕಾದ್ರೂ ಮಾಡಿ. ನಂಗೆ ಮೂರೂ ಊರು ಒಂದೇ ಪುಟದಲ್ಲಿ ಬೇಕು.”

ಪ್ರಭುಗಳಿಗೂ ನಗು ಬರಲಿಲ್ಲ.

ಆ ವಾರ ನಾವು ಎಷ್ಟು ದಾರಿ ಹುಡುಕಿದೆವೋ. ಯಾವ ಪ್ಲಗಿನ್ನಿನ ಮಾತು ಮೇಲು ಎಂದು ಕ್ರಮ ಹಾಕೋಣ ಎಂದೆ. “ಆ ಕ್ರಮದಲ್ಲಿ ಭಟ್ಕಳ ಎಲ್ಲಿ ಬರ್ತದೆ ಸರ್?” ಎಂದು ಇಮ್ತಿಯಾಜ್ ಕೇಳಿದ. ಕ್ರಮದ ಮಾತನ್ನು ಅಲ್ಲೇ ಬಿಟ್ಟೆ. ಎಲ್ಲರಿಗಿಂತ ಕೊನೆಗೆ ಬರೆದವರದ್ದೇ ಉಳಿಯಲಿ ಎಂದು ಅವನೆಂದ. ಹಾಗಾದರೆ ಗುರುವಾರ ಮಧ್ಯಾಹ್ನ ಯಾರೂ ಕೀಬೋರ್ಡ್ ಬಿಟ್ಟು ಏಳುವುದಿಲ್ಲ ಎಂದೆ. ಪ್ಲಗಿನ್‌ಗಳನ್ನೇ ತೆಗೆದುಬಿಟ್ಟರೆ ಕುಮಟೆಯ ಓದುಗರ ಪ್ರಶ್ನೆ ಹಾಗೇ ಉಳಿಯುತ್ತದೆ, ಮಾಸ್ತರು ಕೈಯಾರೆ ತಿದ್ದುತ್ತಾರೆ, ಜಗಳ ಇನ್ನೂ ಗಟ್ಟಿಯಾಗುತ್ತದೆ.

ಪರಿಹಾರ ಯಾರಿಗೆ ಹೊಳೆಯಿತು ಎಂಬಲ್ಲಿ ನನ್ನ ನೆನಪು ಸಂಪೂರ್ಣ ಕೈಕೊಡುತ್ತದೆ. ನನಗೆ ಕಣ್ಣಿಗೆ ಕಟ್ಟಿದ ಹಾಗಿರುವುದು, ನಾನು ಓದುವ ಕನ್ನಡಕವನ್ನು ಒರೆಸಿಕೊಳ್ಳುತ್ತ ಮಾತಾಡಿದ್ದು. ಇಮ್ತಿಯಾಜನ ಪ್ರಕಾರ ಕನ್ನಡಕ ಅವನ ತಾಯಿಯದು. ಮಗ ಟೈಪ್ ಮಾಡಿದ್ದನ್ನು ಓದಲು ಅವರು ಹಾಕಿಕೊಂಡಾಗ ಅವನಿಗೆ ಹೊಳೆಯಿತಂತೆ. ಶಾರದಕ್ಕನನ್ನು ಹೋದ ವರ್ಷ ಕೇಳಿದೆ. “ಅದು ನಾನಲ್ದ ಹೇಳಿದ್ದು? ಬರೆದದ್ದು ಬರೆದ ಹಾಂಗೇ ಇರ್ಲಿ, ತಿಳೀದಿದ್ದವ್ರು ಕನ್ನಡಕ ಹಾಕ್ಕೊಳ್ಲಿ ಅಂತ? ನಿಮಗಿಬ್ರಿಗೂ ಅಷ್ಟು ಬುದ್ಧಿ ಎಲ್ಲಿತ್ತು ತಮಾ?” ಎಂದರು. ಮೂವರು ಸಾಕ್ಷಿಗಳು, ಮೂರು ಕನ್ನಡಕ. ಯಾವುದನ್ನೂ ತಳ್ಳಿಹಾಕಲು ನನ್ನಲ್ಲಿ ಆಧಾರವಿಲ್ಲ.

ವಿಚಾರ ಮಾತ್ರ ಅದೇ. ಅಲ್ಲಿಯವರೆಗೆ ನಾವು ಪ್ರತಿ ಪ್ಲಗಿನ್ನಿಗೂ ಪೆನ್ನು ಕೊಟ್ಟಿದ್ದೆವು. ಅವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಕನ್ನಡಕ. ಬರಹ ಬರೆದವರ ಮಾತಿನಲ್ಲೇ ಇರುತ್ತದೆ, ಅಚ್ಚಾಗುವುದೂ ಹಾಗೆಯೇ. ಮಾಸ್ತರ ಪ್ಲಗಿನ್ ಬೂತಾಯಿ ಕಂಡರೆ ಅದರ ಕೆಳಗೆ ತೆಳು ಗೆರೆ ಎಳೆಯುತ್ತದೆ, ಮಾಸ್ತರ ಪರದೆಯಲ್ಲಿ ಮಾತ್ರ. ಮೌಸ್ ಒಯ್ದರೆ ‘ತಾರ್ಲೆ’ ಎಂದು ತೋರಿಸುತ್ತದೆ. ಬದಲಾಯಿಸಲೇಬೇಕು ಎಂದರೆ ಒಂದು ಗುಂಡಿ ಇದೆ; ಅದನ್ನು ಮನುಷ್ಯನೇ ಒತ್ತಬೇಕು. ಒತ್ತುವವರೆಗೆ ಪ್ಲಗಿನ್ನಿನ ಸೂಚನೆ ಬೂದು ಬಣ್ಣದಲ್ಲಿರುತ್ತದೆ, ಯಾರ ಬಣ್ಣವನ್ನೂ ಅದು ತೊಡುವಂತಿಲ್ಲ. ಕೆಂಪು ಕಂಡಿತೆಂದರೆ ಅದು ಮಾಸ್ತರೇ ಮುಟ್ಟಿದ್ದು.

ಈಗಿನವರಿಗೆ ಇದು ಹೇಳಬೇಕಾದ ಮಾತೇ ಅಲ್ಲ. ನಮಗೆ ಮೂಲ ಪ್ರೋಗ್ರಾಮಿನ ಅರ್ಧವನ್ನೇ ಒಡೆದು ಕಟ್ಟಬೇಕಾಯಿತು. ಬುಧವಾರ ಸಂಜೆಗೆ ಅದು ಓಡಿತು.

ಗುರುವಾರ ಶಾರದಕ್ಕ ಮತ್ತೆ ಮೆಟ್ಟಿಲು ಹತ್ತಿ ಬಂದು ಇಮ್ತಿಯಾಜನ ಪಕ್ಕ ಕೂತರು. ಪ್ರಭುಗಳು ಕೆಳಗೆ ಗಿರಾಕಿಗಳನ್ನು ಬಿಟ್ಟು ಬಂದು ಹಿಂದೆ ನಿಂತರು. ಪರದೆಯಲ್ಲಿ ದೇವಿದಾಸರ ನೀಲಿ ಬರೆಯುತ್ತ ಹೋಯಿತು. ಮಾವಳ್ಳಿ ಕಡೆ ಬೂತಾಯಿ ರಾಶಿ ಬಿದ್ದಿದೆ ಎಂದು ಮೊದಲ ಸಾಲಿನಲ್ಲೇ ಬರೆದರು. ಅವರು ಬೇಕೆಂದೇ ಅದನ್ನು ಮೊದಲು ಇಟ್ಟರು ಎಂದು ನನಗೆ ಈಗಲೂ ಅನಿಸುತ್ತದೆ. ಪದ ಅಲುಗಾಡಲಿಲ್ಲ. ವರದಿ ಮುಗಿಯಿತು.

ಆಗ ಕೆಂಪು ಕರ್ಸರ್ ಕಾಣಿಸಿಕೊಂಡಿತು. ಕುಮಟೆಯಲ್ಲಿ ಮಾಸ್ತರು ಪುಟ ತೆರೆದಿದ್ದರು. ಅದು ತಲೆಬರಹದಿಂದ ಇಳಿದು ಮೊದಲ ಸಾಲಿಗೆ ಬಂದು, ಬೂತಾಯಿಯ ಪಕ್ಕದಲ್ಲಿ ನಿಂತಿತು. ನಿಂತೇ ಇತ್ತು. ಗುಂಡಿ ಅವರ ಕೈಕೆಳಗೇ ಇದೆ ಎಂಬುದು ನಮಗೆ ಗೊತ್ತು. ಭಟ್ಕಳದಲ್ಲಿ ದೇವಿದಾಸರೂ ಇದನ್ನೇ ನೋಡುತ್ತಿದ್ದಾರೆ ಎಂಬುದೂ ಗೊತ್ತು. ನೀಲಿ ಕರ್ಸರ್ ವರದಿಯ ಕೊನೆಯಲ್ಲಿ ಅಲುಗಾಡದೆ ಇತ್ತು.

“ಒತ್ಬೇಡಿ ಮಾಸ್ತರೆ,” ಎಂದರು ಶಾರದಕ್ಕ ಪರದೆಗೆ, ಎದುರು ಕೂತವರಿಗೆ ಹೇಳುವ ಹಾಗೆ.

ಕೆಂಪು ಅಲ್ಲಿಂದ ಸರಿದು ಅಂಚಿನ ಮಾತಿನ ಪೆಟ್ಟಿಗೆಗೆ ಹೋಯಿತು. ಮಾಸ್ತರ ಟೈಪಿಂಗ್ ನಿಧಾನ. ಒಂದೊಂದೇ ಅಕ್ಷರ ಬಂತು.

“ದೇವಿದಾಸ, ವರದಿ ಚೆನ್ನಾಗಿದೆ. ಕುಮಟೆಯವರಿಗೆ ತಿಳಿಯಲು ಬೂತಾಯಿಯ ಪಕ್ಕದಲ್ಲಿ ತಾರ್ಲೆ ಎಂದು ಹಾಕಬಹುದಾ?”

ನೀಲಿ ವರದಿಯ ಕೊನೆಯಿಂದ ಹೊರಟು ಅದೇ ಪೆಟ್ಟಿಗೆಗೆ ಬಂತು. ಆಮೇಲೆ: “ಹಾಕಿ ಸರ್. ನೀವೇ ಹಾಕಿ.”

ಮಾಸ್ತರು ಗುಂಡಿ ಒತ್ತಲಿಲ್ಲ. ಬೂತಾಯಿಯ ಪಕ್ಕ ಕಂಸ ತೆರೆದು, ಕೈಯಾರೆ, ಕೆಂಪಿನಲ್ಲಿ ತಾರ್ಲೆ ಎಂದು ಬರೆದು ಕಂಸ ಮುಚ್ಚಿದರು. ಅದರ ಕೆಳಗೇ ನೀಲಿ ಬಂದು ಅಂಚಿನಲ್ಲಿ ಕೇಳಿತು: “ಚಾ ಆತಾ ಸರ್?”

ಶಾರದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಮಾಳಿಗೆಯಲ್ಲಿ ಫ್ಯಾನು ಇಲ್ಲದಿದ್ದಕ್ಕೆ ಪ್ರಭುಗಳನ್ನು ಬೈದರು. ಫ್ಯಾನು ತಿರುಗುತ್ತಲೇ ಇತ್ತು.

ಪತ್ರಿಕೆ ಆಮೇಲೆ ಹಲವು ವರ್ಷ ನಡೆಯಿತು. ಮೊಬೈಲಿನಲ್ಲೇ ಎಲ್ಲರೂ ಎಲ್ಲವನ್ನೂ ಓದುವ ಕಾಲ ಬಂದ ಮೇಲೆ, ಶಾರದಕ್ಕ ಮೂರು ಊರಿನವರನ್ನೂ ಕರೆದು ಊಟ ಹಾಕಿ ಅದನ್ನು ನಿಲ್ಲಿಸಿದರು. ಒಡೆಯಲಿಲ್ಲ, ಒಟ್ಟಿಗೇ ನಿಂತಿತು. ನಮ್ಮ ಪ್ರೋಗ್ರಾಮನ್ನು ಬೇರೆ ಯಾರೂ ಕೊಳ್ಳಲಿಲ್ಲ. ಪ್ರಭುಗಳು ಈಗ ಇನ್ವರ್ಟರ್ ಮಾರುತ್ತಾರೆ.

ಇದನ್ನು ಬರೆಯುವ ಮುಂಚೆ ಇಮ್ತಿಯಾಜನಿಗೆ ಫೋನು ಮಾಡಿ ಆ ಗುರುವಾರದ ಬಗ್ಗೆ ಕೇಳಿದೆ. ಮಾಸ್ತರ ಕರ್ಸರ್ ಆ ಪದದ ಪಕ್ಕ ಅಷ್ಟು ಹೊತ್ತು ನಿಂತದ್ದು, ಒತ್ತಲೋ ಬೇಡವೋ ಎಂದು ಅವರು ಯೋಚಿಸಿದ್ದು, ಅದು ನನ್ನ ವೃತ್ತಿಯಲ್ಲೇ ನಾನು ಕಂಡ ದೊಡ್ಡ ಕ್ಷಣ ಎಂದೆ.

“ಸರ್, ಅವತ್ತು ಕುಮಟೆ ಲೈನ್ ಬಹಳ ಸ್ಲೋ ಇತ್ತು,” ಎಂದ. “ಮಾಸ್ತರು ಆಗಲೇ ಮುಂದೆ ಹೋಗಿ ಆಗಿತ್ತು. ನಮಗೆ ಕಾಣ್ಲಿಕ್ಕೆ ತಡ ಆತು, ಅಷ್ಟೇ.”

ಅವನು ಹೇಳುವುದು ಸರಿಯೇ ಇರಬೇಕು. ಲೈನು ಎಂಥದು ಎಂದು ನನಗೂ ಗೊತ್ತು. ಆದ್ದರಿಂದ ಕರ್ಸರ್ ನಿಂತ ವಿಷಯದಲ್ಲಿ ನನ್ನ ಮಾತನ್ನು ನಂಬಬೇಡಿ. ಆದರೆ ಮೂವತ್ತು ವರ್ಷ ಕೇಳದೆಯೇ ತಿದ್ದಿದ ಮನುಷ್ಯ ತನ್ನ ಹಳೆಯ ವಿದ್ಯಾರ್ಥಿಯನ್ನು “ಹಾಕಬಹುದಾ” ಎಂದು ಕೇಳಿದ್ದನ್ನು ನಾವು ನಾಲ್ವರೂ ಓದಿದ್ದೇವೆ. ಅದನ್ನು ಟೈಪ್ ಮಾಡಿದ್ದು ಲೈನಲ್ಲ.